ದಿನಕ್ಕೆ 20 ರೂಪಾಯಿಯ ಗ್ಯಾರಂಟಿ: ಕೊಡಗಿನ ಕೌಂಟರ್‌ನಲ್ಲಿ ‘ಸಕಾಲ’

ಸರ್ಕಾರಿ ಸೇವೆಗಳನ್ನು ಗೊತ್ತಾದ ಗಡುವಿನೊಳಗೆ ಕೊಡಬೇಕು ಎನ್ನುವ ಸಕಾಲ ಯೋಜನೆಯಲ್ಲಿ ಅರ್ಜಿದಾರನ ಕೈಗೆ ಸಿಗುವ ಅಸಲಿ ಸರಕು ಒಂದೇ ಒಂದು ಚೀಟಿ. ನಾಡಕಚೇರಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಕೊಟ್ಟಾಗ ಪ್ರಿಂಟರ್‌ನಿಂದ ಬರುವ ಸ್ವೀಕೃತಿ ಪತ್ರ ಅದು. ಅದರ ಮೇಲೆ ಉದ್ದನೆಯ ಜಿ.ಎಸ್.ಸಿ. ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುತ್ತದೆ, ಕೆಲಸ ಯಾವ ತಾರೀಖಿನೊಳಗೆ ಮುಗಿಯಬೇಕು ಎಂದೂ ಇರುತ್ತದೆ. ಯೋಜನೆ 2011ರಲ್ಲಿ ಕಾಯ್ದೆಯಾಗಿ 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ಜಾರಿಯಲ್ಲಿದೆ. ಕಾಗದದ ಮೇಲೆ ನೋಡಿದರೆ ಲಂಚಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ: ತಾರೀಖು ಗೊತ್ತಿದ್ದ ಮೇಲೆ ‘ಬೇಗ ಮಾಡಿಸಿಕೊಡಿ’ ಎಂದು ಯಾರ ಕೈ ಬಿಸಿ ಮಾಡಬೇಕು? ಆದರೂ ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಯಾವ ಕಚೇರಿಯ ಜಗಲಿಯಲ್ಲಿ ಕೇಳಿದರೂ ಮೊದಲು ಬರುವ ಮಾತು ‘ಯಾರ ಹತ್ತಿರ ಹೇಳಿಸಬೇಕು’ ಅಂತಲೇ. ಈ ವಿಮರ್ಶೆ ಆ ಮಾತಿನ ಬಗ್ಗೆ. ಗ್ಯಾರಂಟಿ ಕೈಯಲ್ಲಿರುವ ಜನ ಲಂಚವನ್ನು ಯಾಕೆ ಸಹಿಸುತ್ತಾರೆ ಎನ್ನುವುದಕ್ಕೆ ಉತ್ತರ ಬಹುಪಾಲು ಈ ಚೀಟಿಯಲ್ಲೇ ಇದೆ.

ಮೊದಲ ದೋಷ ಚೀಟಿ ಹುಟ್ಟುವ ಮೊದಲೇ ಇದೆ. ‘ಅರ್ಜಿ ಇಟ್ಟು ಹೋಗಿ, ಸರ್ವರ್ ಬಂದ ಮೇಲೆ ಹಾಕ್ತೀವಿ.’ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಕರೆಂಟೂ ನೆಟ್‌ವರ್ಕೂ ಮಳೆಯ ದಯೆಯಲ್ಲಿರುವುದರಿಂದ ಈ ಮಾತು ಸುಳ್ಳು ಎನ್ನುವ ಹಾಗೂ ಇಲ್ಲ. ಆದರೆ ಮೇಜಿನ ಮೇಲೆ ಇಟ್ಟುಬಂದ ಅರ್ಜಿಗೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದಿದ್ದರೆ ಗಡುವಿಲ್ಲ. ಗಡುವಿಲ್ಲದಿದ್ದರೆ ಸಕಾಲವೇ ಇಲ್ಲ. ಪಹಣಿ ದಾಖಲೆಗಳ ಭೂಮಿ ತಂತ್ರಾಂಶ ಬಂದಾಗ ಬೆರಳಚ್ಚು ಕೊಟ್ಟು ಲಾಗಿನ್ ಆಗುವುದು, ಮೊದಲು ಬಂದ ಅರ್ಜಿ ಮೊದಲು ವಿಲೇವಾರಿ ಆಗುವುದು ಎಂಬ ಎರಡು ಬಿಗಿ ಕಟ್ಟುಗಳನ್ನು ಹಾಕಿದ್ದರು. ಒಳ್ಳೆಯ ಕಟ್ಟುಗಳೇ. ಆದರೆ ಕಂಪ್ಯೂಟರಿನೊಳಗೆ ಸರದಿ ಮುರಿಯಲಾಗದಿದ್ದರೆ ಸರದಿಯೊಳಗೆ ಸೇರಿಸುವುದಕ್ಕೇ ಬೆಲೆ ಬರುತ್ತದೆ. ವ್ಯವಹಾರ ನಿಲ್ಲಲಿಲ್ಲ, ಒಂದು ಮೆಟ್ಟಿಲು ಕೆಳಗೆ ಇಳಿಯಿತು.

ಇದಕ್ಕೆ ಮಾಡಬೇಕಾದ್ದು ಸುಲಭ, ಮಾಡುವವರು ಕಡಿಮೆ. ಸ್ವೀಕೃತಿ ಕೈಗೆ ಬರುವವರೆಗೆ ಮೂಲ ಅರ್ಜಿ ಕೊಡಬೇಡಿ. ಸರ್ವರ್ ನಿಜಕ್ಕೂ ಇಲ್ಲದಿದ್ದರೆ ಅರ್ಜಿಯ ಎರಡು ಪ್ರತಿ ಒಯ್ದು ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ. ಮೊಹರಿಗೂ ತಕರಾರು ಬಂದರೆ ಅದೇ ದಿನ ಸ್ಪೀಡ್ ಪೋಸ್ಟ್. ಇದು ಜಿ.ಎಸ್.ಸಿ. ಸಂಖ್ಯೆಗೆ ಸಮವಲ್ಲ, ಆದರೆ ‘ಅರ್ಜಿಯೇ ಬಂದಿಲ್ಲ’ ಎನ್ನುವ ಬಾಯಿಗೆ ಬೀಗ.

ಎರಡನೆಯ ದೋಷ ಇನ್ನೂ ನಯವಾದದ್ದು. ಕಾಯ್ದೆಯ ಪ್ರಕಾರ ಅಧಿಕಾರಿ ಗಡುವಿನೊಳಗೆ ಸೇವೆ ಕೊಡಬೇಕು, ಇಲ್ಲವೇ ಕಾರಣ ಬರೆದು ಅರ್ಜಿ ತಿರಸ್ಕರಿಸಬೇಕು. ತಿರಸ್ಕಾರವೂ ವಿಲೇವಾರಿಯೇ! ಹಾಗಾಗಿ ಗಡುವಿಗೆ ಒಂದೋ ಎರಡೋ ದಿನ ಉಳಿದಾಗ ‘ದಾಖಲೆ ಅಪೂರ್ಣ’ ಎಂದು ಬರೆದರೆ ಲೆಕ್ಕದಲ್ಲಿ ಕೆಲಸ ಸಕಾಲದಲ್ಲೇ ಮುಗಿದಂತೆ. ಯಾವ ದಾಖಲೆ ಎಂದು ಬರೆದಿರುವುದಿಲ್ಲ. ಜನ ಹೊಸ ಅರ್ಜಿ ಹಾಕುತ್ತಾರೆ, ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಇಲ್ಲಿ ಹೊಸ ಅರ್ಜಿ ಹಾಕುವುದೇ ತಪ್ಪು ಹೆಜ್ಜೆ. ತಿರಸ್ಕಾರದ ದಿನದಿಂದ 30 ದಿನದೊಳಗೆ ಸಕ್ಷಮ ಅಧಿಕಾರಿಗೆ (ಆ ಸೇವೆಗೆ ಗೊತ್ತುಪಡಿಸಿದ ಮೇಲಧಿಕಾರಿಗೆ) ಮೇಲ್ಮನವಿ ಹಾಕಬಹುದು. ಗಡುವು ಮೀರಿಯೂ ಉತ್ತರ ಬಾರದಿದ್ದರೆ ಗಡುವು ಮುಗಿದ ದಿನದಿಂದ ಅದೇ 30 ದಿನ. ಮೇಲ್ಮನವಿಯಲ್ಲಿ ಊರ ಪುರಾಣ ಬೇಡ: ಸಂಖ್ಯೆ, ಅರ್ಜಿಯ ದಿನ, ಗಡುವಿನ ದಿನ, ಕೊಟ್ಟ ದಾಖಲೆಗಳ ಪಟ್ಟಿ, ‘ಯಾವ ದಾಖಲೆ ಕೊರತೆ ಎಂದು ತಿಳಿಸಿಲ್ಲ’ ಎನ್ನುವ ಒಂದು ವಾಕ್ಯ, ‘ಪರಿಹಾರ ವೆಚ್ಚ ಕೊಡಿಸಬೇಕು’ ಎನ್ನುವ ಇನ್ನೊಂದು ವಾಕ್ಯ. ಕೊನೆಯ ವಾಕ್ಯವನ್ನು ಜನ ಸಂಕೋಚಪಟ್ಟು ಬಿಡುತ್ತಾರೆ. ಬಿಡಬಾರದು. ಆ ಹಣ ಖಜಾನೆಯಿಂದಲ್ಲ, ತಡ ಮಾಡಿದವರ ಸಂಬಳದಿಂದ ಹೋಗಬೇಕಾದ್ದು. ಕಚೇರಿಯಲ್ಲಿ ಫೈಲು ಅಲುಗಾಡುವುದು ಆ ಸಾಲಿಗೆ.

ಆದರೆ ಆ ಹಣ ಎಷ್ಟು? ದಿನಕ್ಕೆ 20 ರೂಪಾಯಿ, ಗರಿಷ್ಠ 500. ಅಂದರೆ 25 ದಿನ ತಡವಾದ ಮೇಲೆ ಮೀಟರ್ ನಿಲ್ಲುತ್ತದೆ. ಇಪ್ಪತ್ತಾರನೆಯ ದಿನವೂ ಒಂದೇ, ಎರಡನೆಯ ವರ್ಷವೂ ಒಂದೇ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎರಡು ದಿನ ಕಚೇರಿಗೆ ಅಲೆದರೆ 740 ಹೋಯಿತು, ಕಾಯ್ದೆ ಕೊಡುವ ಗರಿಷ್ಠ ಪರಿಹಾರವನ್ನೂ ದಾಟಿತು. ಕುಟ್ಟ ಕಡೆಯಿಂದಲೋ ಭಾಗಮಂಡಲ ಕಡೆಯಿಂದಲೋ ಬರುವವರಿಗೆ ಬಸ್ಸಿನ ಖರ್ಚು ಬೇರೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ನಿಜ, ಆದರೆ ಜಿಲ್ಲೆಯ ಎಷ್ಟೋ ಊರಿಗೆ ಹೋಗುವುದು ಖಾಸಗಿ ಬಸ್ಸು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಯುವ ದಿನಗಳಲ್ಲಿ ತೋಟ ಬಿಟ್ಟು ಒಂದು ದಿನ ಹೊರಡುವುದೆಂದರೆ ಬೆಳೆಗಾರನಿಗಾಗಲಿ ಕುಯ್ಯುವವರಿಗಾಗಲಿ ಕೂಲಿಗಿಂತ ದೊಡ್ಡ ನಷ್ಟ. ಇಷ್ಟು ಲೆಕ್ಕ ಹಾಕಿದವನಿಗೆ ಕೌಂಟರಿನ ಈಚೆ ನಿಂತ ಏಜೆಂಟ ಕೇಳುವ ಸಾವಿರ ರೂಪಾಯಿ ಅನ್ಯಾಯವಾಗಿ ಕಾಣುವುದಿಲ್ಲ, ಅಗ್ಗವಾಗಿ ಕಾಣುತ್ತದೆ. ಜನರಲ್ಲಿ ನೈತಿಕತೆ ಸತ್ತಿದೆ ಎಂದು ಭಾಷಣ ಮಾಡುವವರು ಈ ಕೂಡಿಸು-ಕಳೆಯುವನ್ನು ಒಮ್ಮೆ ಮಾಡಿ ನೋಡಬೇಕು.

ಎಲ್ಲ ಲಂಚವೂ ಒಂದೇ ಜಾತಿಯದಲ್ಲ, ಸಹಿಸುವ ರೀತಿಯೂ ಒಂದೇ ಅಲ್ಲ. ನ್ಯಾಯವಾಗಿ ಸಿಗಬೇಕಾದ್ದನ್ನು ಬೇಗ ಪಡೆಯಲು ಕೊಡುವುದು ಒಂದು. ಜನ ಇದಕ್ಕೆ ‘ಖರ್ಚು’ ಎನ್ನುತ್ತಾರೆ, ಬೈದುಕೊಂಡು ಕೊಡುತ್ತಾರೆ. ಆಗಬಾರದ್ದನ್ನು ಆಗಿಸಲು ಕೊಡುವುದು ಇನ್ನೊಂದು. ಪೈಸಾರಿ (ಸರ್ಕಾರಿ) ಜಾಗಕ್ಕೆ ಬೇಲಿ ಸರಿಸಿದವನು ಬೈಯುವುದೂ ಇಲ್ಲ, ಮಾತಾಡುವುದೂ ಇಲ್ಲ. ಮೂರನೆಯದು ಕೊಡಗಿನಲ್ಲಿ ವಿಶೇಷವಾಗಿ ಹೆಚ್ಚು: ನಿಯಮವೇ ಪಾಲಿಸಲಾಗದಷ್ಟು ತೊಡಕಾಗಿರುವಾಗ ಅದರ ಪಕ್ಕದಿಂದ ದಾರಿ ಮಾಡಿಕೊಳ್ಳಲು ಕೊಡುವುದು. ಇದನ್ನು ಕೊಟ್ಟವರು ತೆಗೆದುಕೊಂಡವರಿಗೆ ಕೃತಜ್ಞರಾಗಿರುತ್ತಾರೆ. ಸಕಾಲ ಮೊದಲನೆಯದಕ್ಕೆ ಮಾತ್ರ ಮದ್ದು.

ಕೊಡಗಿನ ಕುಟುಂಬಗಳು ತಲೆಮಾರುಗಳಿಂದ ಒಟ್ಟಾಗಿ ಹೊಂದಿರುವ ಜಮ್ಮ ಜಮೀನಿನ ಪೌತಿ ಖಾತೆಯನ್ನೇ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ನೋಡಿ. ಪಹಣಿಯ 9ನೇ ಕಾಲಂನಲ್ಲಿ ಪಟ್ಟೇದಾರರ ಹೆಸರು ಇರುತ್ತದೆ, ಅವರು ಕಾಲವಾಗಿ ಎರಡು ಮೂರು ತಲೆ ಕಳೆದಿರುತ್ತದೆ. ಒಕ್ಕದ (ಮನೆತನದ) ಮಂದಿ ಬಾಯಿಮಾತಿನಲ್ಲಿ ಹಂಚಿಕೊಂಡು ತಂತಮ್ಮ ತೋಟ ಮಾಡಿಕೊಂಡಿರುತ್ತಾರೆ, ಯಾರ ಗಡಿ ಎಲ್ಲಿ ಎಂದು ಮರ ನೋಡಿ ಹೇಳುತ್ತಾರೆ. ಬ್ಯಾಂಕಿಗೆ ಮಾತ್ರ ಸಾಲ ಕೇಳುವವನ ಹೆಸರೇ ಪಹಣಿಯಲ್ಲಿ ಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಫಿಡವಿಟ್, ಹಕ್ಕುದಾರರ ಒಪ್ಪಿಗೆ. ಅಜ್ಜನ ಸಾವು ನೋಂದಣಿಯೇ ಆಗಿಲ್ಲದಿದ್ದರೆ ಅಲ್ಲೇ ಮೊದಲ ಗಂಟು. ಸಾವನ್ನು 21 ದಿನದೊಳಗೆ ಬರೆಸಿದರೆ ಶುಲ್ಕವಿಲ್ಲ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಆಮೇಲೆ ವಂಶವೃಕ್ಷ: ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಮಹಜರು ಮಾಡಿ, ನೆರೆಯವರ ಹೇಳಿಕೆ ಬರೆದುಕೊಂಡು, ಕಂದಾಯ ನಿರೀಕ್ಷಕರಿಗೆ ಕಳಿಸಬೇಕು. ಪಟ್ಟಿಯಲ್ಲಿ 40 ಹೆಸರಿದ್ದರೆ ಅದರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಕೆನಡಾದಲ್ಲಿ, ಒಬ್ಬರು ಪಕ್ಕದ ಮನೆಯಲ್ಲೇ ಇದ್ದು ಮಾತು ಬಿಟ್ಟವರು. ಆ ಮೂರನೆಯವರೇ ಎಲ್ಲಕ್ಕಿಂತ ದೂರ.

ಮ್ಯುಟೇಶನ್‌ಗೆ (ಖಾತೆ ಬದಲಾವಣೆಗೆ) ಯಾರಾದರೂ ಒಂದು ಸಾಲಿನ ಆಕ್ಷೇಪಣೆ ಕೊಟ್ಟರೂ ಸಾಕು, ಪ್ರಕರಣ ವಿವಾದಿತ ವಹಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಸಕಾಲದ ಗಡುವು ಉಪಯೋಗಕ್ಕೆ ಬರುವುದಿಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ ಭೂ ಕಂದಾಯ ಕಾಯ್ದೆಯ 136(2)ರಲ್ಲಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, 136(3)ರಲ್ಲಿ ಜಿಲ್ಲಾಧಿಕಾರಿಗೆ ಪುನರ್ ಪರಿಶೀಲನೆಯ (ರಿವಿಷನ್) ಅರ್ಜಿ. ಈ ದಾರಿ ವರ್ಷಗಟ್ಟಲೆ. ಹಾಗಾಗಿ ‘ಆ ಒಂದು ಹೆಸರು ಬಿಟ್ಟು ವಂಶವೃಕ್ಷ ಮಾಡಿಸೋಣ’ ಎನ್ನುವ ಸಲಹೆ ಬರುತ್ತದೆ, ಅದರ ಜೊತೆಗೆ ಮೊತ್ತವೂ ಬರುತ್ತದೆ. ಈ ಸಲಹೆ ಮಾತ್ರ ಖಂಡಿತ ಬೇಡ. ಬಿಟ್ಟ ಹೆಸರಿನವರು ಹತ್ತು ವರ್ಷ ಬಿಟ್ಟು ಬಂದರೂ ಖಾತೆಯೂ ಹೋಗುತ್ತದೆ, ಅದರ ಮೇಲೆ ತೆಗೆದ ಸಾಲದ ಕಾಗದವೂ ಪ್ರಶ್ನೆಗೆ ಬೀಳುತ್ತದೆ, ಸುಳ್ಳು ಅಫಿಡವಿಟ್‌ಗೆ ಸಹಿ ಹಾಕಿದವರು ಕಚೇರಿಯವರಲ್ಲ, ನೀವು.

ಸರ್ವೆಯ ಕಡೆ ತೊಂದರೆ ಬೇರೆ ಬಗೆಯದು. ಜಮೀನಿನ ಒಂದು ಭಾಗ ಮಾರಬೇಕಾದರೆ 11ಇ ನಕ್ಷೆ, ಗಡಿ ಗುರುತಿಸಲು ಹದ್ದುಬಸ್ತು, ಹಿಸ್ಸೆ ಬೇರೆ ಮಾಡಲು ಪೋಡಿ. ಎಲ್ಲದಕ್ಕೂ ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶದಲ್ಲಿ ಅರ್ಜಿ. ಫೈಲು ನಿಲ್ಲುವ ಅತಿ ಸಾಮಾನ್ಯ ಜಾಗ ಪಹಣಿಯ ವಿಸ್ತೀರ್ಣಕ್ಕೂ ಸರ್ವೆ ಇಲಾಖೆಯ ವಿಸ್ತೀರ್ಣ ವಹಿಯಾದ ಆಕಾರ್‌ಬಂದ್ ವಿಸ್ತೀರ್ಣಕ್ಕೂ ತಾಳೆಯಾಗದಿರುವುದು. ಇದು ಸರ್ವೆಯರ್ ಹುಟ್ಟಿಸಿದ ನೆಪವಲ್ಲ, ನಿಜವಾದ ವ್ಯತ್ಯಾಸ. ನೆಪವಾಗುವುದು ಅದನ್ನು ಅಳತೆಯೆಲ್ಲ ಮುಗಿದ ಮೇಲೆ ಹೇಳಿದಾಗ. ಅರ್ಜಿ ಹಾಕುವ ಮೊದಲೇ ಆಕಾರ್‌ಬಂದ್ ಮತ್ತು ಟಿಪ್ಪಣಿಯ (ಮೂಲ ಅಳತೆ ನಕ್ಷೆಯ) ದೃಢೀಕೃತ ನಕಲು ತೆಗೆದುಕೊಂಡು ನೀವೇ ಪಹಣಿಯ ಪಕ್ಕ ಇಟ್ಟು ನೋಡಿ. ಮೂರು ತಾಲ್ಲೂಕು ಐದಾದ ಮೇಲೆ ಹಳೆಯ ದಾಖಲೆ ಯಾವ ಕಚೇರಿಯ ಕಪಾಟಿನಲ್ಲಿದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅಳತೆಯ ದಿನಕ್ಕೆ ಗಡಿಯುದ್ದಕ್ಕೂ ಕಾಡು ಸವರಿ, ಸಿಗುವ ಗಡಿ ಕಲ್ಲುಗಳಿಗೆ ಸುಣ್ಣ ಬಳಿದು, ಅಕ್ಕಪಕ್ಕದವರಿಗೆ ನೋಟಿಸು ತಲುಪಿದೆಯೇ ಎಂದು ವಿಚಾರಿಸಿಟ್ಟಿರಿ. ಇಳಿಜಾರಿನಲ್ಲಿ, ಸಿಲ್ವರ್ ಓಕ್ ನೆರಳಿನ ಕಾಫಿ ಗಿಡಗಳ ನಡುವೆ ಅಳತೆ ನಿಜಕ್ಕೂ ಕಷ್ಟ. ಸವರಿಲ್ಲದ ತೋಟಕ್ಕೆ ಬಂದವರು ವಾಪಸ್ ಹೋದರೆ ಎರಡನೆಯ ಸಲಕ್ಕೆ ಜೀಪು, ಊಟ, ಜನದ ಖರ್ಚು ಎಂದು ಮಾತು ಶುರುವಾಗುತ್ತದೆ. ಮಳೆಗಾಲದಲ್ಲಿ ಅರ್ಜಿ ಹಾಕುವುದೂ ಬೇಡ, ಅಕ್ಟೋಬರ್ ಕಳೆಯಲಿ.

ಏಜೆಂಟರ ಬಗ್ಗೆ ಒಂದು ಮಾತು. ಪರವಾನಗಿ ಇರುವ ಪತ್ರ ಬರಹಗಾರರು ಕ್ರಯಪತ್ರ ಬರೆದು ಹಣ ಪಡೆಯುವುದು ನ್ಯಾಯವಾದ ಸಂಪಾದನೆ. ತೊಂದರೆ ಇರುವುದು ‘ಪ್ಯಾಕೇಜ್’ನಲ್ಲಿ: ಮುದ್ರಾಂಕ, ನೋಂದಣಿ ಶುಲ್ಕ, ಬರಹದ ಕೂಲಿ, ‘ಒಳಗಿನ ಖರ್ಚು’ ಎಲ್ಲವನ್ನೂ ಕಲಸಿ ಒಂದೇ ಮೊತ್ತ ಹೇಳುತ್ತಾರೆ. ಬಿಡಿಬಿಡಿಯಾಗಿ ಬರೆದುಕೊಡಿ ಎಂದು ಕೇಳಿ ನೋಡಿ, ನಾಲ್ಕನೆಯ ಸಾಲು ಎಷ್ಟೋ ಸಲ ತಾನಾಗಿಯೇ ಸಣ್ಣದಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಋಣಭಾರ ಪತ್ರಕ್ಕಾಗಿ ಕಚೇರಿಗೆ ಹೋಗುವ ಅಗತ್ಯ ಕಡಿಮೆಯಾಗಿದೆ, ಶುಲ್ಕ ಆನ್‌ಲೈನ್‌ನಲ್ಲೇ ಕಟ್ಟಬಹುದು. ಕೈಗೆ ಕೈ ತಾಗದ ಕಡೆ ಮಾಮೂಲೂ ತಾಗುವುದಿಲ್ಲ. ಹತ್ತಕ್ಕೆ ಎಂಟು ಕೊಡಬಹುದಾದ ಸೇವೆ ಅದು, ಸಕಾಲಕ್ಕೆ ನಾಲ್ಕು.

ಸಣ್ಣ ಕೌಂಟರಿನ ಈ ಕಥೆಗೂ ದೊಡ್ಡ ರಾಜಕಾರಣಕ್ಕೂ ಏನು ಸಂಬಂಧ ಎಂದರೆ, ಕೆಟ್ಟುಹೋದ ಕೌಂಟರೇ ರಾಜಕಾರಣಿಯ ಅಂಗಡಿ. ಫೈಲು ತಾನಾಗಿ ಓಡಿದರೆ ಪುಢಾರಿಯ ಫೋನಿಗೆ ಬೆಲೆ ಎಲ್ಲಿ? ವಾರ್ಡಿನ ಮುಖಂಡ ‘ನಮ್ಮವರ ಅರ್ಜಿ, ಸ್ವಲ್ಪ ನೋಡಿ’ ಎಂದು ಹೇಳಿ ಮಾಡಿಸಿಕೊಟ್ಟದ್ದು ನಮಗೆ ಹಕ್ಕಾಗಿಯೇ ಸಿಗಬೇಕಾದ್ದು. ಆದರೆ ಮನೆಗೆ ಬಂದದ್ದು ಉಪಕಾರದ ರೂಪದಲ್ಲಿ. ಉಪಕಾರಕ್ಕೆ ಋಣ ತೀರಿಸುವುದು ಮತದಾನದ ದಿನ. ಅವನು ರಸ್ತೆ ಕಾಮಗಾರಿಯಲ್ಲಿ ಎಷ್ಟು ತಿಂದ ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ, ಗೊತ್ತಿದ್ದೂ ‘ತಿಂದರೂ ಕೆಲಸ ಮಾಡ್ತಾನೆ’ ಎನ್ನುತ್ತಾರೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ 40 ಪರ್ಸೆಂಟ್ ಕಮಿಷನ್ ಆರೋಪ ಹೊರಿಸಿ ಪ್ರಧಾನಿಗೆ ಪತ್ರ ಬರೆಯಿತು. ಆ ಅಂಕಿ ಚುನಾವಣೆಯ ಘೋಷಣೆಯಾಯಿತು, ಗೋಡೆ ಬರಹವಾಯಿತು, ತಮಾಷೆಯಾಯಿತು. ತಮಾಷೆಯಾದ ಮೇಲೆ ಸಿಟ್ಟು ಉಳಿಯುವುದು ಕಷ್ಟ. ವಿಧಾನಸಭಾ ಅಭ್ಯರ್ಥಿಯೊಬ್ಬ ಖರ್ಚು ಮಾಡಬಹುದಾದ ಮಿತಿ 40 ಲಕ್ಷ ಎಂದು ನಿಯಮ ಇದೆ. ಆ ಲೆಕ್ಕವನ್ನು ಊರಿನಲ್ಲಿ ಯಾರಿಗಾದರೂ ಓದಿ ಹೇಳಿದರೆ ಅವರೂ ನಗುತ್ತಾರೆ.

ಮೇಲಿನಿಂದ ಕೆಳಕ್ಕೆ ಇನ್ನೊಂದು ನಂಟು ವರ್ಗಾವಣೆಯದು. ಒಳ್ಳೆಯ ಜಾಗಕ್ಕೆ ಬರಲು ಶಾಸಕರ ಶಿಫಾರಸು ಪತ್ರ ಬೇಕು, ಪತ್ರಕ್ಕೆ ಬೆಲೆಯಿದೆ ಎನ್ನುವ ಆರೋಪ ಯಾವ ಸರ್ಕಾರ ಬಂದರೂ ವಿರೋಧ ಪಕ್ಷದ ಬಾಯಿಂದ ಬರುತ್ತಲೇ ಇದೆ. ಅದು ನಿಜವಾದ ಕಡೆ ಕೌಂಟರಿನಲ್ಲಿ ಕೇಳುವ ಹಣ ಅಧಿಕಾರಿಯ ಆಸೆಯಷ್ಟೇ ಅಲ್ಲ, ಕೊಟ್ಟದ್ದರ ವಸೂಲಿ. ‘ಮೇಲಿನವರಿಗೂ ಕೊಡಬೇಕು’ ಎನ್ನುವ ಮಾತನ್ನು ಜನ ಅಷ್ಟು ಸುಲಭವಾಗಿ ನಂಬುವುದು ಇದಕ್ಕೇ.

ಸಣ್ಣ ಜಿಲ್ಲೆಯ ಕಷ್ಟವೂ ಒಂದಿದೆ. ಕೌಂಟರಿನ ಆಚೆ ಕೂತವರು ಯಾರದೋ ಒಕ್ಕದ ಅಳಿಯ, ಯಾರದೋ ಸಹಪಾಠಿ. ಕೈಲ್ ಪೊಳ್ದಿಗೋ ಪುತ್ತರಿ ಹಬ್ಬಕ್ಕೋ ಮದುವೆ ಮನೆಗೋ ಮತ್ತೆ ಎದುರಾಗಬೇಕು. ದೂರು ಕೊಟ್ಟವನು ಎಂಬ ಹೆಸರು ಲಂಚ ತಿಂದವನು ಎಂಬ ಹೆಸರಿಗಿಂತ ಹೆಚ್ಚು ದಿನ ಅಂಟಿಕೊಂಡಿರುತ್ತದೆ.

ಹೆಸರು ಕೆಡಿಸಿಕೊಳ್ಳದೆ ಒತ್ತಡ ಹಾಕುವ ಸಾಧನ ಮಾಹಿತಿ ಹಕ್ಕು. 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇಲ್ಲೇ ಹೆಚ್ಚಿನವರು ಎಡವುತ್ತಾರೆ: ‘ನನ್ನ ಕೆಲಸ ಯಾಕೆ ಆಗಿಲ್ಲ’ ಎಂದು ಕೇಳುತ್ತಾರೆ. ‘ಯಾಕೆ’ ಎಂಬುದು ದಾಖಲೆಯಲ್ಲ, ಉತ್ತರ ಬರುವುದಿಲ್ಲ. ಕೇಳಬೇಕಾದ್ದು ನಿಮ್ಮ ಕಡತದ ಟಿಪ್ಪಣಿ ಹಾಳೆಗಳ ನಕಲು, ಕಡತ ಯಾವ ದಿನ ಯಾರ ಮೇಜಿಗೆ ಹೋಯಿತು ಎನ್ನುವ ಚಲನವಲನದ ವಿವರ, ನಿಮ್ಮ ಅರ್ಜಿ ಬಂದ ವಾರದಲ್ಲಿ ಅದೇ ಸೇವೆಗೆ ಬಂದ ಅರ್ಜಿಗಳ ಸಂಖ್ಯೆ ಮತ್ತು ವಿಲೇವಾರಿಯಾದ ದಿನಾಂಕಗಳು. ಈ ಮೂರನೆಯದು ಸರದಿ ಮುರಿದಿದ್ದರೆ ಬಯಲಿಗೆ ತರುತ್ತದೆ, ಬೇರೆಯವರ ಹೆಸರನ್ನು ನೀವು ಕೇಳಬೇಕಾಗಿಯೂ ಇಲ್ಲ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಆಯೋಗಕ್ಕೆ. ಆಯೋಗದವರೆಗೆ ಹೋದರೆ ದಾರಿ ಉದ್ದ. ಮಾಹಿತಿ ಅಧಿಕಾರಿಗೆ ದಿನಕ್ಕೆ 250, ಗರಿಷ್ಠ 25,000 ರೂಪಾಯಿ ದಂಡದ ಹೆದರಿಕೆ ಇರುವುದರಿಂದ ಕೆಲಸ ಅದಕ್ಕೂ ಮೊದಲೇ ಆಗಿಬಿಡುವುದುಂಟು. ಸಕಾಲದ 500ಕ್ಕೂ ಇದಕ್ಕೂ ಇರುವ ಅಂತರ ನೋಡಿದರೆ ಯಾವ ಕಾಯ್ದೆಗೆ ಹಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಲಂಚ ಬಾಯಿಬಿಟ್ಟು ಕೇಳಿದ್ದರೆ ಲೋಕಾಯುಕ್ತ ಪೊಲೀಸ್. ಈ ಸಂಸ್ಥೆಯ ಮೇಲಿನ ನಂಬಿಕೆಯೂ ಏಟು ತಿಂದದ್ದೇ. 2015ರಲ್ಲಿ ಲೋಕಾಯುಕ್ತರ ಮಗನ ಮೇಲೇ ಅಧಿಕಾರಿಗಳಿಂದ ವಸೂಲಿ ಮಾಡಿದ ಆರೋಪ ಬಂದು, ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಎ.ಸಿ.ಬಿ. (ಭ್ರಷ್ಟಾಚಾರ ನಿಗ್ರಹ ದಳ) ಹುಟ್ಟುಹಾಕಿ ಪೊಲೀಸ್ ಅಧಿಕಾರ ಅತ್ತ ಕೊಟ್ಟಿತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೇ ಮರಳಿಸಿತು. ಇಷ್ಟು ಮಗ್ಗುಲು ಬದಲಿಸಿದ ಸಂಸ್ಥೆಗೆ ಜನ ಅಳುಕುತ್ತಲೇ ಹೋಗುತ್ತಾರೆ. ಆದರೂ ಟ್ರ್ಯಾಪ್ (ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವ ಬಲೆ) ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅಳುಕು ಅರ್ಧವಾಗುತ್ತದೆ.

ಹಣ ಕೊಡುವ ಮೊದಲೇ ದೂರು ಕೊಡಬೇಕು. ಕೇಳಿದ್ದಕ್ಕೆ ಪುರಾವೆ ಬೇಕು. ಫೋನಿನ ರೆಕಾರ್ಡಿಂಗ್ ಇದ್ದರೆ ಒಳ್ಳೆಯದು. ಮೊದಲು ಎಫ್.ಐ.ಆರ್., ಆಮೇಲೆ ಇಬ್ಬರು ಪಂಚರ (ಸಾಕ್ಷಿಗಳ) ಮುಂದೆ ನೋಟುಗಳ ನಂಬರ್ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೋಟನ್ನು ನೀವಾಗಿ ಮುಂದೆ ಚಾಚಬಾರದು. ಅವರು ಕೇಳಬೇಕು, ಆಗ ಕೊಡಬೇಕು. ಕೋರ್ಟಿನಲ್ಲಿ ಕೇಸು ಬಿದ್ದುಹೋಗುವುದು ಬಹಳ ಸಲ ಇಲ್ಲೇ: ಗುಲಾಬಿ ನೀರು ಹಣ ಕೈಗೆ ಬಂತು ಎಂದು ತೋರಿಸುತ್ತದೆ, ಕೇಳಿದ್ದನ್ನು ತೋರಿಸುವುದಿಲ್ಲ. ದೂರುದಾರ ವಿಚಾರಣೆಗೆ ಬರುವಷ್ಟರಲ್ಲಿ ರಾಜಿಯಾಗಿ ತಿರುಗಿಬಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಬಲೆ ಬೀಸುವ ಹಂತವಿಲ್ಲದ ಇತರ ದೂರುಗಳಿಗೆ ಲೋಕಾಯುಕ್ತದ ನಮೂನೆಯೂ ಅದರ ಜೊತೆ ಅಫಿಡವಿಟ್ಟೂ ಬೇಕು.

ಈಗಾಗಲೇ ಕೊಟ್ಟುಬಿಟ್ಟಿದ್ದರೆ? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಮೇಲೆ ಲಂಚ ಕೊಟ್ಟವರೂ ಆರೋಪಿಗಳೇ, ಶಿಕ್ಷೆ ಏಳು ವರ್ಷದವರೆಗೆ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಪಾರು. ಮೊದಲೇ ತಿಳಿಸಿ ಅವರ ನೆರವಿಗಾಗಿ ಕೊಟ್ಟರೆ ಅಪರಾಧವೇ ಅಲ್ಲ. ಕೊಟ್ಟವನನ್ನೂ ಹಿಡಿದರೆ ಲಂಚ ನಿಲ್ಲುತ್ತದೆ ಎಂದು ತಂದ ಕಲಮು ಇದು. ಕೊಡಗಿನಲ್ಲಿ ಅದರ ಫಲ ಬೇರೆಯೇ ಆಗಿದೆ. ಎಂಟನೆಯ ದಿನ ಕೊಟ್ಟವನೂ ತೆಗೆದುಕೊಂಡವನೂ ಒಂದೇ ದೋಣಿಯಲ್ಲಿ. ಅಲ್ಲಿಂದ ಮುಂದೆ ಇಬ್ಬರಿಗೂ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ. ಏಜೆಂಟರಿಗೆ ಈ ಏಳು ದಿನದ ಲೆಕ್ಕ ಚೆನ್ನಾಗಿ ಗೊತ್ತು. ‘ಕೆಲಸ ಬರುವ ವಾರ ಆಗ್ತದೆ’ ಎಂದು ಅವರು ಹೇಳುವುದು ಸುಮ್ಮನೆ ಅಲ್ಲ.